ಫಲಿತಾಂಶಾಧಾರಿತ ಸಹಾಯಧನ ಪದ್ಧತಿ

ಫಲಿತಾಂಶಾಧಾರಿತ ಸಹಾಯಧನ ಪದ್ಧತಿ ಎಂಬುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಪ್ರಾಥಮಿಕ ಶಾಲೆಗಳಲ್ಲಿ ಜಾರಿಯಲ್ಲಿದ್ದ ಸರಕಾರಿ ಅನುದಾನದ ಕ್ರಮ. ಇದರ ಪ್ರಕಾರ ಶಾಲೆಗೆ ದೊರೆಯುತ್ತಿದ್ದ ಹಣದ ಬಹುಭಾಗವು, ವರ್ಷಕ್ಕೊಮ್ಮೆ ಬರುವ ಸರಕಾರಿ ಪರೀಕ್ಷಕರ ಮುಂದೆ ಒಂದೊಂದು ಮಗುವೂ ಓದು, ಬರಹ ಮತ್ತು ಲೆಕ್ಕಗಳಲ್ಲಿ ತೇರ್ಗಡೆಯಾಗುವುದನ್ನು ಅವಲಂಬಿಸಿತ್ತು. 1862ರ ಪರಿಷ್ಕೃತ ಸಂಹಿತೆಯ ಮೂಲಕ ಆರಂಭವಾದ ಈ ಪದ್ಧತಿಯು ಹಲವು ಮಾರ್ಪಾಡುಗಳೊಂದಿಗೆ ಸುಮಾರು ಮೂರು ದಶಕಗಳ ಕಾಲ ನಡೆದು 1890ರ ದಶಕದಲ್ಲಿ ಕೊನೆಗೊಂಡಿತು. ದೇಶದಾದ್ಯಂತ ಏಕರೂಪವಾದ ಪರೀಕ್ಷೆಯ ಫಲಿತಾಂಶವನ್ನು ಪ್ರಾಥಮಿಕ ಶಾಲೆಯ ಆದಾಯಕ್ಕೆ ನೇರವಾಗಿ ಜೋಡಿಸಿದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದು ಒಂದು. ಆದ್ದರಿಂದ ಇಂದಿನ ಪ್ರಮಾಣೀಕೃತ ಪರೀಕ್ಷೆಗಳ ಕುರಿತ ಚರ್ಚೆಯಲ್ಲಿಯೂ ಇದರ ಪ್ರಸ್ತಾಪ ಬರುತ್ತದೆ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬಡವರ ಮಕ್ಕಳಿಗೆ ಶಿಕ್ಷಣ ನೀಡುವ ಕೆಲಸವು ಬಹುಮಟ್ಟಿಗೆ ಧಾರ್ಮಿಕ ಮತ್ತು ಧರ್ಮಾರ್ಥ ಸಂಸ್ಥೆಗಳ ಕೈಯಲ್ಲಿತ್ತು. ಆಂಗ್ಲಿಕನ್ ಚರ್ಚಿನ ನ್ಯಾಷನಲ್ ಸೊಸೈಟಿ ಮತ್ತು ಇತರ ಪ್ರೊಟೆಸ್ಟೆಂಟ್ ಪಂಥಗಳ ಬೆಂಬಲವಿದ್ದ ಬ್ರಿಟಿಷ್ ಅಂಡ್ ಫಾರಿನ್ ಸ್ಕೂಲ್ ಸೊಸೈಟಿ ಇವುಗಳಲ್ಲಿ ಮುಖ್ಯವಾದವು. 1833ರಲ್ಲಿ ಪಾರ್ಲಿಮೆಂಟು ಶಾಲಾ ಕಟ್ಟಡಗಳಿಗಾಗಿ ಮೊದಲ ಬಾರಿಗೆ 20,000 ಪೌಂಡುಗಳ ನೆರವನ್ನು ಮಂಜೂರು ಮಾಡಿತು. 1839ರಲ್ಲಿ ಪ್ರಿವಿ ಕೌನ್ಸಿಲಿನ ಶಿಕ್ಷಣ ಸಮಿತಿಯು ರಚನೆಯಾಗಿ, ನೆರವು ಪಡೆದ ಶಾಲೆಗಳನ್ನು ನೋಡಲು ಇನ್ಸ್‌ಪೆಕ್ಟರುಗಳು ನೇಮಕಗೊಂಡರು.

ಈ ಸಮಿತಿಯ ಮೊದಲ ಕಾರ್ಯದರ್ಶಿ ಜೇಮ್ಸ್ ಕೇ-ಷಟಲ್‌ವರ್ತ್. ಅವರ ಮುಂದಾಳುತನದಲ್ಲಿ ರೂಪುಗೊಂಡ 1846ರ ನಿಯಮಗಳು ಶಿಕ್ಷಕ ವೃತ್ತಿಗೆ ಒಂದು ನೆಲೆಯನ್ನು ಒದಗಿಸಿದವು. ಹದಿಮೂರು ವರ್ಷ ತುಂಬಿದ ಬಾಲಕ ಬಾಲಕಿಯರು ಐದು ವರ್ಷ ಶಿಷ್ಯಶಿಕ್ಷಕರಾಗಿ ದುಡಿದು, ವಿದ್ಯಾರ್ಥಿವೇತನ ಗಳಿಸಿ ತರಬೇತಿ ಕಾಲೇಜು ಸೇರಬಹುದಾಗಿತ್ತು. ಅರ್ಹತಾಪತ್ರ ಪಡೆದ ಶಿಕ್ಷಕರಿಗೆ ಸರಕಾರವೇ ವೇತನದ ಒಂದು ಭಾಗವನ್ನು ಕೊಡುತ್ತಿತ್ತು. ಇನ್ಸ್‌ಪೆಕ್ಟರರು ಶಾಲೆಯ ಒಟ್ಟು ಸ್ವರೂಪವನ್ನು ನೋಡಿ ಸಲಹೆ ನೀಡುವ ಹಿತೈಷಿಗಳೆಂಬ ಭಾವನೆ ಆಗ ಇತ್ತು.

ಆದರೆ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗಿ 1850ರ ದಶಕದ ಕೊನೆಗೆ ಎಂಟು ಲಕ್ಷ ಪೌಂಡುಗಳನ್ನು ಮೀರಿತು. ಕ್ರಿಮಿಯಾ ಯುದ್ಧದ (1853–56) ಬಳಿಕ ಮಿತವ್ಯಯದ ಕೂಗು ಎದ್ದಿತ್ತು. 1858ರಲ್ಲಿ ನ್ಯೂಕಾಸಲ್‌ನ ಡ್ಯೂಕರ ಅಧ್ಯಕ್ಷತೆಯಲ್ಲಿ ಒಂದು ರಾಯಲ್ ಆಯೋಗ ನೇಮಕವಾಯಿತು. 1861ರಲ್ಲಿ ಹೊರಬಂದ ಅದರ ವರದಿಯು, ಶಿಕ್ಷಕರು ಮೇಲಿನ ತರಗತಿಯ ದೊಡ್ಡ ಮಕ್ಕಳಿಗೆ ಹೆಚ್ಚು ಗಮನ ಕೊಡುತ್ತಾರೆ, ಕೆಳಗಿನ ತರಗತಿಗಳ ಚಿಕ್ಕ ಮಕ್ಕಳು ಓದು ಬರಹ ಲೆಕ್ಕಗಳನ್ನು ಸರಿಯಾಗಿ ಕಲಿಯದೆಯೇ ಶಾಲೆ ಬಿಡುತ್ತಾರೆ ಎಂದು ದೂರಿತು. ಮಕ್ಕಳನ್ನು ಪರೀಕ್ಷಿಸಿ, ಅದರ ಫಲಕ್ಕೆ ತಕ್ಕಂತೆ ನೆರವು ನೀಡಬೇಕೆಂಬ ಸಲಹೆಯೂ ಅದರಲ್ಲಿತ್ತು.

ಪರಿಷ್ಕೃತ ಸಂಹಿತೆ

ಆಗ ಶಿಕ್ಷಣ ಸಮಿತಿಯ ಉಪಾಧ್ಯಕ್ಷರಾಗಿದ್ದವರು ರಾಬರ್ಟ್ ಲೋ (ಅಧಿಕಾರಾವಧಿ 1859–64). ಆಯೋಗದ ಸಲಹೆಗಳಲ್ಲಿ ಸ್ಥಳೀಯ ತೆರಿಗೆಯಿಂದ ಶಾಲೆಗಳಿಗೆ ಹಣ ಒದಗಿಸುವುದನ್ನು ಅವರು ಬಿಟ್ಟರು, ಪರೀಕ್ಷೆಯ ಸಲಹೆಯನ್ನು ಮಾತ್ರ ಎತ್ತಿಕೊಂಡರು. ಹೊಸ ಕ್ರಮವು ಅಗ್ಗವಲ್ಲವಾದರೆ ಸಮರ್ಥವಾಗಿರುತ್ತದೆ, ಸಮರ್ಥವಲ್ಲವಾದರೆ ಅಗ್ಗವಾಗಿರುತ್ತದೆ ಎಂಬ ಅರ್ಥದಲ್ಲಿ ಅವರು ಕಾಮನ್ಸ್ ಸಭೆಯಲ್ಲಿ ಆಡಿದ ಮಾತು ಶಿಕ್ಷಣದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

1861ರಲ್ಲಿ ಮಂಡಿತವಾದ ಮೊದಲ ಕರಡಿಗೆ ಶಿಕ್ಷಕರಿಂದಲೂ ಚರ್ಚುಗಳಿಂದಲೂ ತೀವ್ರ ವಿರೋಧ ಬಂದಿತು. ಅದರ ಫಲವಾಗಿ ಅನುದಾನದ ಒಂದು ಭಾಗವನ್ನು ಹಾಜರಾತಿಗೆ ಮೀಸಲಿಟ್ಟು, ಉಳಿದುದನ್ನು ಪರೀಕ್ಷೆಗೆ ಜೋಡಿಸುವ ಒಪ್ಪಂದ ಏರ್ಪಟ್ಟಿತು. ಮಕ್ಕಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡುವ ಮೊದಲ ಯೋಜನೆಯನ್ನೂ ಕೈಬಿಡಲಾಯಿತು. 1862ರಲ್ಲಿ ಅಂಗೀಕೃತವಾದ ಸಂಹಿತೆಯ ಮುಖ್ಯ ನಿಯಮಗಳು ಹೀಗಿದ್ದವು:

• ಸರಾಸರಿ ಹಾಜರಾತಿಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 4 ಶಿಲ್ಲಿಂಗ್.

• ಆರು ವರ್ಷ ಮೀರಿದ, 200ಕ್ಕಿಂತ ಹೆಚ್ಚು ಹಾಜರಿ ಪಡೆದ ಮಗುವಿಗೆ ಪರೀಕ್ಷೆಯ ಮೇಲೆ 8 ಶಿಲ್ಲಿಂಗ್. ಬೆಳಗಿನ ಮತ್ತು ಮಧ್ಯಾಹ್ನದ ಅವಧಿಗಳನ್ನು ಬೇರೆಬೇರೆ ಹಾಜರಿಗಳೆಂದು ಎಣಿಸಲಾಗುತ್ತಿತ್ತು.

• ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದರಲ್ಲಿ ತಪ್ಪಿದರೆ ಈ 8 ಶಿಲ್ಲಿಂಗಿನ ಮೂರನೆಯ ಒಂದು ಭಾಗ, ಅಂದರೆ 2 ಶಿಲ್ಲಿಂಗ್ 8 ಪೆನ್ಸ್, ಕಡಿತ.

• ಆರು ವರ್ಷದೊಳಗಿನ ಮಕ್ಕಳಿಗೆ ಪರೀಕ್ಷೆಯಿಲ್ಲ. ಅವರಿಗೆ ವಯಸ್ಸಿಗೆ ತಕ್ಕ ಶಿಕ್ಷಣ ದೊರೆಯುತ್ತಿದೆ ಎಂದು ಇನ್ಸ್‌ಪೆಕ್ಟರರಿಗೆ ಮನವರಿಕೆಯಾದರೆ 6 ಶಿಲ್ಲಿಂಗ್ 6 ಪೆನ್ಸ್.

• ಒಂದು ದರ್ಜೆಯಲ್ಲಿ ಪರೀಕ್ಷೆಗೆ ಹಾಜರುಪಡಿಸಿದ ಮಗುವನ್ನು ಮತ್ತೆ ಅದೇ ದರ್ಜೆಗೆ ಅಥವಾ ಕೆಳಗಿನ ದರ್ಜೆಗೆ ಹಾಜರುಪಡಿಸುವಂತಿಲ್ಲ.

ಹಣವು ಶಿಕ್ಷಕರಿಗೆ ನೇರವಾಗಿ ಬರುವುದು ನಿಂತು, ಶಾಲೆಯ ವ್ಯವಸ್ಥಾಪಕರ ಕೈಗೆ ಹೋಗತೊಡಗಿತು. ಶಿಕ್ಷಕರು ತಮ್ಮ ವೇತನವನ್ನು ಅವರೊಡನೆ ಮಾತನಾಡಿ ನಿಶ್ಚಯಿಸಿಕೊಳ್ಳಬೇಕಾಯಿತು. ಅನೇಕ ಕಡೆ ವೇತನದ ಒಂದು ಪಾಲು ಆ ವರ್ಷದ ಅನುದಾನಕ್ಕೆ ಹೊಂದಿಕೊಂಡಿರುತ್ತಿತ್ತು. ಪ್ರತಿ ಶಾಲೆಯ ಮುಖ್ಯ ಶಿಕ್ಷಕರು ದಿನಚರಿ ಪುಸ್ತಕವೊಂದನ್ನು ಬರೆದಿಡಬೇಕೆಂಬ ನಿಯಮವೂ ಇದೇ ಸಂಹಿತೆಯಿಂದ ಬಂದಿತು. ಮಳೆ, ಸುಗ್ಗಿ, ಕಾಯಿಲೆ, ಗೈರುಹಾಜರಿ ಇವುಗಳ ಟಿಪ್ಪಣಿಗಳಿಂದ ತುಂಬಿದ ಆ ಪುಸ್ತಕಗಳು ಇಂದು ಇತಿಹಾಸಕಾರರಿಗೆ ಅಮೂಲ್ಯವಾದ ಆಕರಗಳಾಗಿವೆ.

ಆರು ದರ್ಜೆಗಳು

ಸಂಹಿತೆಯು ಇಡೀ ದೇಶಕ್ಕೆ ಅನ್ವಯಿಸುವ ಆರು ದರ್ಜೆಗಳನ್ನು ಗೊತ್ತುಪಡಿಸಿತು. ಪ್ರತಿ ದರ್ಜೆಯಲ್ಲಿ ಮಗು ಏನನ್ನು ಮಾಡಿ ತೋರಿಸಬೇಕೆಂಬುದು ಮುದ್ರಿತ ಕೋಷ್ಟಕದಲ್ಲಿತ್ತು.

• ಒಂದನೆಯ ದರ್ಜೆ: ಏಕಾಕ್ಷರ ಪದಗಳ ಕಥೆಯನ್ನು ಓದುವುದು, ಹೇಳಿದ ಅಕ್ಷರಗಳನ್ನು ಸ್ಲೇಟು ಅಥವಾ ಕಪ್ಪುಹಲಗೆಯ ಮೇಲೆ ಬರೆಯುವುದು, 20ರವರೆಗಿನ ಅಂಕಿಗಳನ್ನು ಬರೆದು ಗುರುತಿಸುವುದು, 10ರವರೆಗೆ ಬಾಯಿಲೆಕ್ಕದಲ್ಲಿ ಕೂಡುವುದು, ಕಳೆಯುವುದು.

• ಎರಡನೆಯ ದರ್ಜೆ: ಪಠ್ಯಪುಸ್ತಕದಲ್ಲಿ ಮುಂದೆ ಬರುವ ಸರಳ ಕಥೆಯನ್ನು ಓದುವುದು, ಮುದ್ರಿತ ಸಾಲೊಂದನ್ನು ನಕಲು ಮಾಡುವುದು, ಸರಳ ಸಂಕಲನ ಅಥವಾ ವ್ಯವಕಲನ ಮತ್ತು ಮಗ್ಗಿ.

• ಮೂರನೆಯ ದರ್ಜೆ: ಪಠ್ಯಪುಸ್ತಕದ ಚಿಕ್ಕ ಪರಿಚ್ಛೇದವನ್ನು ಓದುವುದು, ಅದರ ಒಂದು ವಾಕ್ಯವನ್ನು ಒಂದೊಂದೇ ಪದವಾಗಿ ಹೇಳಿದಂತೆ ಬರೆಯುವುದು, ಸಣ್ಣ ಭಾಗಾಕಾರದವರೆಗಿನ ಲೆಕ್ಕ.

• ನಾಲ್ಕನೆಯ ದರ್ಜೆ: ಇನ್ನಷ್ಟು ಕಠಿಣವಾದ ಪುಸ್ತಕದ ಪರಿಚ್ಛೇದ, ಕೆಲವು ಪದಗಳನ್ನು ಒಟ್ಟಿಗೆ ಹೇಳಿದಂತೆ ವಾಕ್ಯವನ್ನು ಬರೆಯುವುದು, ಹಣದ ಲೆಕ್ಕಗಳು.

• ಐದನೆಯ ದರ್ಜೆ: ಮೇಲಿನ ತರಗತಿಯ ಪುಸ್ತಕದಿಂದ ಕೆಲವು ಸಾಲು ಪದ್ಯವನ್ನು ಓದುವುದು, ಉಕ್ತಲೇಖನ, ತೂಕ ಮತ್ತು ಅಳತೆಗಳ ಲೆಕ್ಕ.

• ಆರನೆಯ ದರ್ಜೆ: ವೃತ್ತಪತ್ರಿಕೆಯ ಸಾಮಾನ್ಯ ಪರಿಚ್ಛೇದವನ್ನು ಓದುವುದು, ಅಂತಹುದೇ ಇನ್ನೊಂದನ್ನು ಉಕ್ತಲೇಖನವಾಗಿ ಬರೆಯುವುದು, ಸರಕಿನ ಬಿಲ್ಲುಗಳಂತಹ ವ್ಯಾವಹಾರಿಕ ಲೆಕ್ಕ.

ಆರನೆಯ ದರ್ಜೆಯನ್ನು ಬಿಟ್ಟರೆ ಓದಿನ ಪರೀಕ್ಷೆ ನಡೆಯುತ್ತಿದ್ದುದು ಶಾಲೆಯಲ್ಲಿ ವರ್ಷವಿಡೀ ಬಳಸಿದ ಪುಸ್ತಕದಿಂದಲೇ ಎಂಬುದು ಗಮನಾರ್ಹ. ಪದ್ಧತಿಯ ಅನೇಕ ದೋಷಗಳಿಗೆ ಈ ಒಂದು ನಿಯಮವೇ ದಾರಿ ಮಾಡಿಕೊಟ್ಟಿತು.

ಲೆಕ್ಕಾಚಾರದ ಒಂದು ಉದಾಹರಣೆ

ಪದ್ಧತಿಯು ಶಾಲೆಯೊಳಗೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಒಂದು ಕಲ್ಪಿತ ಶಾಲೆಯ ಲೆಕ್ಕದಿಂದ ತಿಳಿಯಬಹುದು. ಆ ಶಾಲೆಯ ಸರಾಸರಿ ಹಾಜರಾತಿ 60, ಪರೀಕ್ಷೆಗೆ ಅರ್ಹರಾದ ಮಕ್ಕಳು 40 ಎಂದಿಟ್ಟುಕೊಳ್ಳೋಣ. ಹಾಜರಾತಿಯಿಂದ 240 ಶಿಲ್ಲಿಂಗ್, ಅಂದರೆ 12 ಪೌಂಡ್ ದೊರೆಯುತ್ತದೆ. ನಲವತ್ತು ಮಕ್ಕಳೂ ಮೂರು ವಿಷಯಗಳಲ್ಲಿ ತೇರ್ಗಡೆಯಾದರೆ 320 ಶಿಲ್ಲಿಂಗ್, ಅಂದರೆ 16 ಪೌಂಡ್ ಸೇರುತ್ತದೆ. ಹತ್ತು ಮಕ್ಕಳು ಲೆಕ್ಕದಲ್ಲಿ ತಪ್ಪಿದರೆ ಶಾಲೆಗೆ ಆಗುವ ನಷ್ಟ 1 ಪೌಂಡ್ 6 ಶಿಲ್ಲಿಂಗ್ 8 ಪೆನ್ಸ್. ಆದರೆ ಕೇವಲ ಐದು ಮಕ್ಕಳು ಆ ದಿನ ದಡಾರ ಹಿಡಿದು ಮನೆಯಲ್ಲಿ ಮಲಗಿದರೆ ನಷ್ಟ 2 ಪೌಂಡ್.

ಹತ್ತು ಮಕ್ಕಳು ಲೆಕ್ಕವನ್ನು ಕಲಿಯದಿರುವುದಕ್ಕಿಂತ ಐದು ಮಕ್ಕಳಿಗೆ ಆ ಒಂದು ದಿನ ಜ್ವರ ಬಂದುದು ಶಾಲೆಗೆ ಹೆಚ್ಚು ದುಬಾರಿಯಾಗುತ್ತಿತ್ತೆಂದು ಇದರಿಂದ ತಿಳಿಯುತ್ತದೆ. ಮೈ ಸರಿಯಿಲ್ಲದ ಮಕ್ಕಳನ್ನೂ ಪರೀಕ್ಷೆಯ ದಿನ ಶಾಲೆಗೆ ಕರೆತರುತ್ತಿದ್ದರೆಂಬ ದೂರುಗಳಿಗೆ ಕಾರಣ ಇಲ್ಲಿದೆ.

ಶಾಲೆಗಳ ಮೇಲಾದ ಪರಿಣಾಮ

ಖಜಾನೆಯ ದೃಷ್ಟಿಯಿಂದ ಸಂಹಿತೆಯು ತನ್ನ ಉದ್ದೇಶವನ್ನು ಬೇಗನೆ ಸಾಧಿಸಿತು. ಎಂಟು ಲಕ್ಷ ಪೌಂಡುಗಳನ್ನು ಮೀರಿದ್ದ ವಾರ್ಷಿಕ ಅನುದಾನವು 1865ರ ವೇಳೆಗೆ ಸುಮಾರು 6.4 ಲಕ್ಷ ಪೌಂಡುಗಳಿಗೆ ಇಳಿಯಿತು. ಶಿಷ್ಯಶಿಕ್ಷಕರ ಸಂಖ್ಯೆಯೂ ಕುಸಿಯಿತು. 1861ರಲ್ಲಿ 36 ಮಕ್ಕಳಿಗೆ ಒಬ್ಬರಂತೆ ಇದ್ದ ಶಿಷ್ಯಶಿಕ್ಷಕರು 1866ರಲ್ಲಿ 54 ಮಕ್ಕಳಿಗೆ ಒಬ್ಬರಾದರು.

ಕಲಿಕೆಯ ಸ್ವರೂಪವೂ ಬದಲಾಯಿತು. ಹಣ ತರುವ ಮೂರು ವಿಷಯಗಳ ಮುಂದೆ ಇತಿಹಾಸ, ಭೂಗೋಳ, ವ್ಯಾಕರಣಗಳು ಹಿಂದೆ ಸರಿದವು. ಓದಿನ ಪುಸ್ತಕವು ಚಿಕ್ಕದಾಗಿದ್ದು ವರ್ಷವಿಡೀ ಅದೇ ಪಾಠ ನಡೆಯುತ್ತಿದ್ದುದರಿಂದ ಮಕ್ಕಳು ಅದನ್ನು ಆದ್ಯಂತ ಕಂಠಪಾಠ ಮಾಡುತ್ತಿದ್ದರು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ನಿರರ್ಗಳವಾಗಿ ಓದುವ ಮಕ್ಕಳ ಕಥೆಗಳು ಆ ಕಾಲದಿಂದ ಹೇಳಿಕೊಂಡು ಬಂದಿವೆ.

ಇದಲ್ಲದೆ ನಿಯಮಗಳ ಒಳಗೇ ಕೆಲವು ಪ್ರಲೋಭನೆಗಳು ಅಡಗಿದ್ದವು. ಎಲ್ಲ ದರ್ಜೆಗಳಿಗೂ ಹಣ ಒಂದೇ ಆದುದರಿಂದ ಚುರುಕಾದ ಮಗುವನ್ನು ಎರಡು ದರ್ಜೆ ಮೇಲಕ್ಕೆ ಏರಿಸುವುದರಿಂದ ಶಾಲೆಗೆ ಲಾಭವಿರಲಿಲ್ಲ. ಅದನ್ನು ವರ್ಷಕ್ಕೊಂದು ಮೆಟ್ಟಿಲಿನಂತೆ ನಿಧಾನವಾಗಿ ಹತ್ತಿಸುವುದೇ ಕ್ಷೇಮವಾಗಿತ್ತು. ಆರನೆಯ ದರ್ಜೆ ದಾಟಿದ ಮಗು ಪರೀಕ್ಷೆಯಿಂದ ಮತ್ತೆ ಹಣ ತರುತ್ತಿರಲಿಲ್ಲ. ಎಷ್ಟು ಶ್ರಮಿಸಿದರೂ ತೇರ್ಗಡೆಯಾಗದೆಂದು ಕಂಡ ಮಗುವಿಗಾಗಿ ಕಳೆದ ಸಮಯವು ಲೆಕ್ಕಪುಸ್ತಕದಲ್ಲಿ ವ್ಯರ್ಥವೇ. ಹೀಗೆ ಶಿಕ್ಷಕರ ಗಮನವು ತೇರ್ಗಡೆಯ ಅಂಚಿನಲ್ಲಿರುವ ಮಕ್ಕಳ ಕಡೆಗೆ ವಾಲಿತು. ಒಳ್ಳೆಯ ಶಿಕ್ಷಕರು ಈ ಸೆಳೆತವನ್ನು ಎದುರಿಸಿ ಪಾಠ ಹೇಳಿದ್ದುಂಟು. ಆದರೆ ಹಾಗೆ ಮಾಡಿದವರಿಗೆ ಪದ್ಧತಿಯಿಂದ ಯಾವ ಪುರಸ್ಕಾರವೂ ಇರಲಿಲ್ಲ.

ಇನ್ಸ್‌ಪೆಕ್ಟರರ ಸ್ಥಾನವೂ ಮಾರ್ಪಟ್ಟಿತು. ಶಾಲೆಯನ್ನು ಅರಿತು ಸಲಹೆ ನೀಡುತ್ತಿದ್ದವರು ಒಂದೇ ದಿನದಲ್ಲಿ ನೂರಾರು ತೇರ್ಗಡೆ ಗುರುತುಗಳನ್ನು ಹಾಕಬೇಕಾದ ಪರೀಕ್ಷಕರಾದರು. ಶಿಕ್ಷಕರ ಪಾಲಿಗೆ ಅವರ ಭೇಟಿಯು ಅನ್ನದ ಪ್ರಶ್ನೆಯಾಗಿ ಪರಿಣಮಿಸಿತು. 1880ರ ದಶಕದ ಹಳ್ಳಿಯ ಶಾಲೆಯೊಂದಕ್ಕೆ ಇನ್ಸ್‌ಪೆಕ್ಟರರು ಬಂದ ದಿನದ ಆತಂಕವನ್ನು ಫ್ಲೋರಾ ಥಾಮ್ಸನ್ ಅವರು 1939ರಲ್ಲಿ ಪ್ರಕಟವಾದ ತಮ್ಮ ಆತ್ಮಕಥಾತ್ಮಕ ಕೃತಿ ‘ಲಾರ್ಕ್ ರೈಸ್’ನಲ್ಲಿ ಚಿತ್ರಿಸಿದ್ದಾರೆ.

ಸಮರ್ಥನೆ

ಪದ್ಧತಿಯ ಸಮರ್ಥಕರ ವಾದವನ್ನು ತಳ್ಳಿಹಾಕುವಂತಿಲ್ಲ. ಸಾರ್ವಜನಿಕರ ಹಣಕ್ಕೆ ಲೆಕ್ಕ ಕೇಳುವ ಹಕ್ಕು ಪಾರ್ಲಿಮೆಂಟಿಗೆ ಇದೆ ಎಂಬುದು ಅವರ ಮೊದಲ ಮಾತು. ಎರಡನೆಯದಾಗಿ, ಹಳೆಯ ಕ್ರಮದಲ್ಲಿ ಮುಂದಿನ ಸಾಲಿನ ನಾಲ್ಕು ಜಾಣ ಮಕ್ಕಳನ್ನು ತೋರಿಸಿ ಇನ್ಸ್‌ಪೆಕ್ಟರರನ್ನು ಮೆಚ್ಚಿಸಬಹುದಿತ್ತು. ಹೊಸ ಕ್ರಮದಲ್ಲಿ ಹಿಂದಿನ ಬೆಂಚಿನ ಮಗುವೂ ಅದೇ ಎಂಟು ಶಿಲ್ಲಿಂಗಿಗೆ ಸಮನಾಯಿತು. ಒಂದೊಂದು ಮಗುವನ್ನೂ ಹೆಸರು ಹಿಡಿದು ಪರೀಕ್ಷಿಸಬೇಕೆಂಬ ನಿಯಮವು ಅದುವರೆಗೆ ಕಣ್ಣಿಗೆ ಬೀಳದಿದ್ದ ಮಕ್ಕಳನ್ನು ಲೆಕ್ಕಕ್ಕೆ ತಂದಿತು. ಹಾಜರಾತಿಯ ಕಡೆಗೂ ಹೆಚ್ಚಿನ ಗಮನ ಹರಿಯಿತು. ಓದು, ಬರಹ, ಲೆಕ್ಕಗಳ ತಳಪಾಯವಿಲ್ಲದೆ ಉಳಿದ ವಿದ್ಯೆ ನಿಲ್ಲದು ಎಂಬ ನಂಬಿಕೆಯೂ ಇದರ ಹಿಂದಿತ್ತು.

ಟೀಕೆ

ಸಂಹಿತೆಯ ಪ್ರಮುಖ ವಿಮರ್ಶಕರಲ್ಲಿ ಒಬ್ಬರು ಕವಿ ಹಾಗೂ ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್. ಅವರು 1851ರಿಂದ 1886ರವರೆಗೆ ಸ್ವತಃ ಶಾಲಾ ಇನ್ಸ್‌ಪೆಕ್ಟರರಾಗಿದ್ದರು. ಆದುದರಿಂದ ತಮ್ಮ ಇಲಾಖೆಯ ಮುಖ್ಯಸ್ಥರ ಯೋಜನೆಯನ್ನೇ ಅವರು ಎದುರಿಸಬೇಕಾಯಿತು. 1862ರಲ್ಲಿ ‘ಫ್ರೇಸರ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಸಂಹಿತೆಯನ್ನು ಖಂಡಿಸುವ ದೀರ್ಘ ಲೇಖನವನ್ನು ಅವರು ಹೆಸರು ಹಾಕದೆ ಪ್ರಕಟಿಸಿದರು. ಬಡ ಮಕ್ಕಳ ಶಾಲೆಯು ಓದು ಬರಹ ಕಲಿಸುವ ಯಂತ್ರ ಮಾತ್ರವಲ್ಲ, ನಾಗರಿಕತೆಯನ್ನು ಹರಡುವ ಕೇಂದ್ರ ಎಂಬುದು ಅವರ ನಿಲುವು. 1867ರ ವರದಿಯಲ್ಲಿ ಅವರು, ಶಾಲೆಗಳಲ್ಲಿ ಮೊದಲಿದ್ದ ಚೈತನ್ಯವು ಕುಗ್ಗಿದೆ ಎಂದೂ, ಜಾಣ್ಮೆಯಿಂದ ಸಿದ್ಧಪಡಿಸಿದರೆ ನಿಜವಾಗಿ ಓದು ಬರಹ ಲೆಕ್ಕಗಳನ್ನು ಅರಿಯದ ಮಗುವನ್ನೂ ಆ ಪರೀಕ್ಷೆಯಲ್ಲಿ ದಾಟಿಸಬಹುದೆಂದೂ ತಿಳಿಸಿದರು.

ಕೇ-ಷಟಲ್‌ವರ್ತ್ ಅವರೂ ಸಂಹಿತೆಯನ್ನು ವಿರೋಧಿಸಿದರು. ಬಡತನ, ಅನಿಯತ ಹಾಜರಾತಿ, ಪದೇ ಪದೇ ಊರು ಬದಲಿಸುವ ಕುಟುಂಬಗಳು ಇವುಗಳ ನಡುವೆ ದುಡಿಯುವ ಶಾಲೆಯನ್ನು ಅನುಕೂಲಸ್ಥ ಪ್ರದೇಶದ ಶಾಲೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂಬ ಆಕ್ಷೇಪ ಆಗಲೇ ಎದ್ದಿತ್ತು. ಹೆಚ್ಚು ನೆರವು ಬೇಕಾದ ಶಾಲೆಗೇ ಕಡಿಮೆ ಹಣ ದೊರೆಯುವುದು ಪದ್ಧತಿಯ ಮೂಲದೋಷವೆಂದು ಹೇಳಬಹುದು.

1864ರಲ್ಲಿ, ಇನ್ಸ್‌ಪೆಕ್ಟರರ ವರದಿಗಳಲ್ಲಿ ಇಲಾಖೆಗೆ ಒಪ್ಪಿಗೆಯಾಗದ ಭಾಗಗಳನ್ನು ತೆಗೆದುಹಾಕಲಾಗುತ್ತಿದೆ ಎಂಬ ಆರೋಪದ ಮೇಲೆ ಕಾಮನ್ಸ್ ಸಭೆಯು ಖಂಡನಾ ನಿರ್ಣಯವನ್ನು ಅಂಗೀಕರಿಸಿತು. ಲೋ ರಾಜೀನಾಮೆ ನೀಡಿದರು. ಮುಂದೆ ನಡೆದ ವಿಚಾರಣೆಯಲ್ಲಿ ಅವರು ದೋಷಮುಕ್ತರಾದರೂ, ಅವರು ರೂಪಿಸಿದ ಪದ್ಧತಿಯು ಮುಂದುವರಿಯಿತು.

ಮಾರ್ಪಾಡುಗಳು ಮತ್ತು ಅಂತ್ಯ

ಪದ್ಧತಿಯ ದೋಷಗಳನ್ನು ಸರಿಪಡಿಸಲು ಇಲಾಖೆಯು ಹಿಡಿದ ದಾರಿ ಇನ್ನಷ್ಟು ವಿಷಯಗಳಿಗೆ ಹಣ ಗೊತ್ತುಮಾಡುವುದು. 1867ರಲ್ಲಿ ಮೂರು ಮೂಲ ವಿಷಯಗಳ ಹೊರಗಿನ ಪಾಠಗಳಿಗೂ ಹೆಚ್ಚುವರಿ ಅನುದಾನ ಬಂದಿತು. 1870ರ ಪ್ರಾಥಮಿಕ ಶಿಕ್ಷಣ ಕಾಯಿದೆಯು ಚುನಾಯಿತ ಶಾಲಾ ಮಂಡಲಿಗಳನ್ನು ಸ್ಥಾಪಿಸಿದ ನಂತರವೂ ಪರೀಕ್ಷಾನುದಾನ ಉಳಿಯಿತು. 1875ರಲ್ಲಿ ಇತಿಹಾಸ, ಭೂಗೋಳ, ವ್ಯಾಕರಣಗಳಿಗೆ ಇಡೀ ತರಗತಿಯ ಸಾಧನೆಯ ಮೇಲೆ ಹಣ ನೀಡುವ ಏರ್ಪಾಟು ಸೇರಿತು. 1882ರಲ್ಲಿ ಎ. ಜೆ. ಮುಂಡೆಲ್ಲಾ ಅವರ ಸಂಹಿತೆಯು ಏಳನೆಯ ದರ್ಜೆಯನ್ನು ಸೇರಿಸಿತು ಮತ್ತು ಶಾಲೆಗಳನ್ನು ಸಾಧಾರಣ, ಉತ್ತಮ, ಅತ್ಯುತ್ತಮ ಎಂದು ವಿಂಗಡಿಸಿ ಅರ್ಹತಾನುದಾನ ನೀಡತೊಡಗಿತು.

1880ರಲ್ಲಿ ಶಿಕ್ಷಣವು ಕಡ್ಡಾಯವಾದ ಬಳಿಕ ಹಸಿವಿನಿಂದ ಬಳಲುವ ಮಕ್ಕಳೂ ತರಗತಿಗೆ ಬಂದರು. ಅವರ ಮೇಲೆ ಪರೀಕ್ಷೆಯ ಒತ್ತಡ ಎಷ್ಟೆಂಬ ಪ್ರಶ್ನೆ ಎದ್ದಿತು. 1884ರಲ್ಲಿ ವೈದ್ಯ ಜೇಮ್ಸ್ ಕ್ರೈಟನ್-ಬ್ರೌನ್ ಅವರು ಲಂಡನ್ನಿನ ಪ್ರಾಥಮಿಕ ಶಾಲೆಗಳಲ್ಲಿನ ಅತಿಶ್ರಮದ ಬಗ್ಗೆ ನೀಡಿದ ವರದಿಯು ದೊಡ್ಡ ವಿವಾದಕ್ಕೆ ಕಾರಣವಾಯಿತು. 1870ರಲ್ಲಿ ಸ್ಥಾಪಿತವಾದ ಪ್ರಾಥಮಿಕ ಶಿಕ್ಷಕರ ರಾಷ್ಟ್ರೀಯ ಸಂಘವು ಪದ್ಧತಿಯ ರದ್ದತಿಯನ್ನು ತನ್ನ ಮುಖ್ಯ ಬೇಡಿಕೆಗಳಲ್ಲಿ ಒಂದನ್ನಾಗಿ ಮಾಡಿಕೊಂಡಿತ್ತು.

1886ರಿಂದ 1888ರವರೆಗೆ ಕೆಲಸ ಮಾಡಿದ ಕ್ರಾಸ್ ಆಯೋಗವು ಪದ್ಧತಿಯನ್ನು ಸಡಿಲಿಸಬೇಕೆಂದು ಅಭಿಪ್ರಾಯಪಟ್ಟಿತು. 1890ರ ಸಂಹಿತೆಯು ಒಂದೊಂದು ಮಗುವಿನ ತೇರ್ಗಡೆಗೆ ಹಣ ನೀಡುವುದನ್ನು ಬಹುಮಟ್ಟಿಗೆ ಕೈಬಿಟ್ಟಿತು. ಆ ದಶಕದ ಕೊನೆಯೊಳಗೆ ವಾರ್ಷಿಕ ಪರೀಕ್ಷೆಯ ಸ್ಥಾನದಲ್ಲಿ ಸಾಮಾನ್ಯ ತಪಾಸಣೆ ನೆಲೆಗೊಂಡಿತು. ಆದರೆ ಅಭ್ಯಾಸಗಳು ಆದೇಶದೊಂದಿಗೆ ಮಾಯವಾಗಲಿಲ್ಲ. ಮುಖ್ಯ ಇನ್ಸ್‌ಪೆಕ್ಟರರಾಗಿ ನಿವೃತ್ತರಾದ ಎಡ್ಮಂಡ್ ಹೋಮ್ಸ್ ಅವರು 1911ರಲ್ಲಿ ಪ್ರಕಟಿಸಿದ ‘ವಾಟ್ ಈಸ್ ಅಂಡ್ ವಾಟ್ ಮೈಟ್ ಬಿ’ ಎಂಬ ಕೃತಿಯಲ್ಲಿ, ಆ ಮೂರು ದಶಕಗಳಲ್ಲಿ ಬೇರೂರಿದ ಯಾಂತ್ರಿಕ ವಿಧೇಯತೆಯು ಇನ್ನೂ ಶಾಲೆಗಳನ್ನು ಬಿಟ್ಟಿಲ್ಲವೆಂದು ವಾದಿಸಿದರು. ತಾವೂ ಆ ಯಂತ್ರದ ಭಾಗವಾಗಿದ್ದುದನ್ನು ಅವರು ಮರೆಮಾಚಲಿಲ್ಲ.

ಇತರ ದೇಶಗಳಲ್ಲಿ

ಐರ್ಲೆಂಡಿನಲ್ಲಿ ಪೋವಿಸ್ ಆಯೋಗದ ಶಿಫಾರಸಿನ ಮೇರೆಗೆ 1872ರಿಂದ 1900ರವರೆಗೆ ಫಲಿತಾಂಶದ ಮೇಲೆ ಶಿಕ್ಷಕರಿಗೆ ಹಣ ನೀಡುವ ಕ್ರಮವಿತ್ತು. ಆಸ್ಟ್ರೇಲಿಯದ ವಿಕ್ಟೋರಿಯಾ ವಸಾಹತಿನಲ್ಲಿಯೂ ಇಂತಹ ಪದ್ಧತಿ ನಡೆಯಿತು.

ಭಾರತದಲ್ಲಿ 1854ರ ವುಡ್ಸ್ ಶಿಕ್ಷಣ ಪತ್ರದಿಂದ ಸಹಾಯಧನದ ಕ್ರಮವು ಆರಂಭವಾಗಿ, 1860ರ ದಶಕದಲ್ಲಿ ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತಗಳು ಫಲಿತಾಂಶಾಧಾರಿತ ನೆರವಿನ ನಿಯಮಗಳನ್ನು ಅಳವಡಿಸಿಕೊಂಡವು. ಕನ್ನಡ ಮಾತನಾಡುವ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮೊದಲಿನದಕ್ಕೂ, ಧಾರವಾಡ, ಬೆಳಗಾವಿ, ವಿಜಾಪುರಗಳು ಎರಡನೆಯದಕ್ಕೂ ಸೇರಿದ್ದವು. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳಿಗೆ ಈ ಕ್ರಮವನ್ನೇ ಶಿಫಾರಸು ಮಾಡಿತು. ಮೂಲದೇಶದಲ್ಲಿ ಪದ್ಧತಿಯು ಕೊನೆಗೊಂಡ ಕೆಲವು ವರ್ಷಗಳ ತರುವಾಯ, ಲಾರ್ಡ್ ಕರ್ಜನ್ನರ ಸರಕಾರವು 1904ರ ಶಿಕ್ಷಣ ನೀತಿಯ ನಿರ್ಣಯದಲ್ಲಿ ಅದನ್ನು ಕೈಬಿಡಲು ಸೂಚಿಸಿತು.

ಮಹತ್ವ

ಅಮೆರಿಕದಲ್ಲಿ 2002ರಲ್ಲಿ ಜಾರಿಗೆ ಬಂದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯಿದೆಯು ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತಗಳ ಪರೀಕ್ಷೆಯನ್ನು ಕಡ್ಡಾಯಗೊಳಿಸಿ, ಗುರಿ ಮುಟ್ಟದ ಶಾಲೆಗಳ ಮೇಲೆ ಕ್ರಮ ಕೈಗೊಳ್ಳುವ ಅವಕಾಶ ಕಲ್ಪಿಸಿತು. ಇಂಗ್ಲೆಂಡಿನಲ್ಲಿಯೂ 1988ರ ಶಿಕ್ಷಣ ಸುಧಾರಣಾ ಕಾಯಿದೆಯ ಬಳಿಕ ರಾಷ್ಟ್ರೀಯ ಪರೀಕ್ಷೆಗಳು ಮರಳಿದವು. ಇವು 1862ರ ಸಂಹಿತೆಯಂತೆ ಒಂದೊಂದು ಮಗುವಿಗೆ ಬೆಲೆ ಕಟ್ಟಲಿಲ್ಲ. ಆದರೂ ಪಠ್ಯದ ಸಂಕುಚನ, ಪರೀಕ್ಷೆಗಾಗಿಯೇ ಬೋಧನೆ, ಅಂಚಿನ ಮಕ್ಕಳ ಕಡೆಗೆ ಮಾತ್ರ ಗಮನ ಎಂಬ ಅವೇ ದೂರುಗಳು ಮತ್ತೆ ಕೇಳಿಬಂದವು. ಒಂದು ಅಳತೆಯ ಮೇಲೆ ನಿರ್ಧಾರಗಳ ಭಾರ ಹೆಚ್ಚಿದಷ್ಟೂ ಆ ಅಳತೆಯು ಕೆಡುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ ಅವರು 1970ರ ದಶಕದಲ್ಲಿ ನಿರೂಪಿಸಿದ ಸೂತ್ರಕ್ಕೆ ಈ ಪದ್ಧತಿಯು ಹಳೆಯ ನಿದರ್ಶನವಾಗಿದೆ.

ಮಗು ಏನು ಕಲಿತಿದೆ ಎಂದು ತಿಳಿಯಲು ಪರೀಕ್ಷೆ ಬೇಕು ಎಂಬುದನ್ನು ಆರ್ನಲ್ಡ್ ಸಹ ಅಲ್ಲಗಳೆದಿರಲಿಲ್ಲ. ಕಲಿಕೆಯ ಕೊರತೆಯನ್ನು ತೋರಿಸಬೇಕಾದ ಪರೀಕ್ಷೆಯೇ ಶಿಕ್ಷಕರ ಜೀವನಾಧಾರವನ್ನು ನಿರ್ಧರಿಸತೊಡಗಿದಾಗ, ಆ ಕೊರತೆಯನ್ನು ಮರೆಮಾಡುವುದು ಶಾಲೆಗೆ ಅನಿವಾರ್ಯವಾಯಿತು. ಮೂವತ್ತು ವರ್ಷಗಳ ಈ ಪ್ರಯೋಗದಿಂದ ಶಿಕ್ಷಣದ ಇತಿಹಾಸಕ್ಕೆ ಉಳಿದ ಪಾಠ ಇದು.